ನಾಲ್ಕನೇ ಜ್ವರ

ನಲವತ್ತಮೂರು ಡಿಗ್ರಿ ಅಂದರೆ ಎಷ್ಟು ಬಿಸಿ ಎಂದು ನನ್ನ ಕೈಗೆ ಗೊತ್ತು. ಎಣ್ಣೆ ಹಚ್ಚಿದ ಮಗುವಿನ ತಲೆಗೆ ಹುಯ್ಯುವ ನೀರು ಅದಕ್ಕಿಂತ ಎರಡು ಮೂರು ಡಿಗ್ರಿ ಕಮ್ಮಿ. ನಾವು ನೂಲು ಬಿಚ್ಚುವ ಬೇಸಿನ್ನಿನ ನೀರು ಅದಕ್ಕಿಂತ ಸ್ವಲ್ಪ ಹೆಚ್ಚು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಶಿಡ್ಲಘಟ್ಟದ ಒಂದು ಫಿಲೇಚರಿಗೆ, ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ, ಸೇರಿದವನು ನಾನು. ಒಂಬತ್ತು ವರ್ಷ ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಬೆರಳಾಡಿಸಿ ಎಳೆ ಹುಡುಕಿದ್ದೇನೆ. ನೀರು ಹದಕ್ಕಿಂತ ತಣ್ಣಗಾದರೆ ಗೂಡಿನ ಅಂಟು ಬಿಡುವುದಿಲ್ಲ, ಎಳೆ ಬರುವುದಿಲ್ಲ. ಹದ ಮೀರಿದರೆ ಎಳೆಯೆಲ್ಲ ಮುದ್ದೆಯಾಗುತ್ತದೆ. ಗೋಡೆಯ ಮೇಲೆ ಥರ್ಮಾಮೀಟರು ನೇತಾಡುತ್ತಿರುತ್ತದೆ, ಅದನ್ನು ಯಾರಾದರೂ ನೋಡುವುದು ಇನ್ಸ್‌ಪೆಕ್ಟರು ಬಂದಾಗ ಮಾತ್ರ.

ಇಂಥ ನನ್ನ ಮುಂದೆ ಯಾರಾದರೂ ನಿಂತು, ಮೈಯೊಳಗೆ ಒಂದು ಕಿತ್ತಳೆಹಣ್ಣಿನಷ್ಟು ಜಾಗವನ್ನು ಮಾತ್ರ ನಲವತ್ತಮೂರಕ್ಕೆ ಕಾಯಿಸಿ ಒಂದು ಗಂಟೆ ಹಾಗೇ ಹಿಡಿದಿಡಬಹುದು, ಪಕ್ಕದ ಎರಡು ಬೆರಳಗಲಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ ಎಂದರೆ? ನಕ್ಕುಬಿಡುತ್ತಿದ್ದೆ. ಬೇಸಿನ್ನಿನ ಒಂದು ಮೂಲೆ ಕಾದರೆ ಇನ್ನೊಂದು ಮೂಲೆಯೂ ಕಾಯುತ್ತದೆ. ಬಿಸಿ ಯಾರ ಮಾತನ್ನೂ ಕೇಳುವುದಿಲ್ಲ.

ಹೆದ್ದಾರಿ ಪಕ್ಕದ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಶಿವಗಂಗಾ ಹಳ್ಯಾಳ ಅದನ್ನೇ ಹೇಳಿದಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಆ ಕಿತ್ತಳೆ ಇದ್ದದ್ದು ನಮ್ಮ ಬಿಂದುವಿನ ಹೊಟ್ಟೆಯಲ್ಲಿ.

ಬಿಂದುಶ್ರೀ ನನ್ನ ಅಕ್ಕ ನಾಗವೇಣಿಯ ಮಗಳು. ಆರು ವರ್ಷ. ಜಠರದ ಹಿಂದೆ ಗೆಡ್ಡೆ. ಎರಡು ಸಲ ಕೀಮೋ ಕೊಟ್ಟು ಕರಗಿಸಿದ್ದರು, ಎರಡು ಸಲವೂ ವಾಪಸ್ ಬಂದಿತ್ತು. ಈ ಸಲ ಬಂದದ್ದು ಯಾವ ಔಷಧಿಗೂ ಜಗ್ಗದೆ, ಕೊಯ್ದು ತೆಗೆಯಲೂ ಆಗದ ಹಾಗೆ ದೊಡ್ಡ ರಕ್ತನಾಳವನ್ನು ತಬ್ಬಿಕೊಂಡು ಕೂತಿತ್ತು.

"ಔಷಧ ಹಳೇದ ಐತ್ರಿ, ದಾರಿ ಹೊಸಾದು," ಎಂದರು ಹಳ್ಯಾಳ ಡಾಕ್ಟರು. ಧಾರವಾಡದ ಕಡೆಯವರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು. "ಚಳಿಗಾಲದಾಗ ತುಪ್ಪ ಗಟ್ಟಿ ಆಗಿರತೈತಿ, ಬಿಸಿ ತಾಗಿದ್ರ ಕರಗತೈತಿ ಹೌದಲ್ಲ? ಹಂಗ ಕೊಬ್ಬಿನ ಸಣ್ಣ ಸಣ್ಣ ಗುಳ್ಳಿ ಮಾಡಿ, ಅದರಾಗ ಔಷಧ ತುಂಬೀವಿ. ಮೈ ಬಿಸಿಗೆ ಅವು ಕರಗೂದಿಲ್ಲ. ನಲವತ್ತೆರಡು ದಾಟಿದ್ರ ಒಡೀತಾವು. ನಾವು ಗೆಡ್ಡಿ ಒಂದನ್ನ ಕಾಸ್ತೀವಿ. ಔಷಧ ಮೈ ತುಂಬ ಓಡಾಡಿದ್ರೂ ಬಾಯಿ ಬಿಡೂದು ಅಲ್ಲಿ ಮಾತ್ರ. ಮ್ಯಾಲೆ, ಕಾದ ಗೆಡ್ಡಿಗೆ ತನ್ನ ಗಾಯ ತಾ ಹೊಲಕೊಳ್ಳೂ ಶಕ್ತಿ ಇರೂದಿಲ್ಲ."

"ಮಗೀಗೆ ಸುಡಲ್ವ?" ಅಕ್ಕ ಕೇಳಿದಳು.

"ಇಲ್ಲವ್ವಾ. ಆದ್ರ ಇದು ಹೃದಯಕ್ಕ ಭಾರದ ಔಷಧ. ಜೀವಮಾನದಾಗ ಇಷ್ಟ ಅಂತ ಒಂದು ಮಿತಿ ಐತಿ. ನಿಮ್ಮ ಹುಡುಗಿಗೆ ಇನ್ನ ಉಳಿದಿರೂದು ನಾಕ ಸಲ ಅಷ್ಟ."

ಆಮೇಲೆ ಹೊರಗಿನ ಕೌಂಟರಿನಲ್ಲಿ ನಲವತ್ತು ಪುಟದ ಇಂಗ್ಲಿಷ್ ಫಾರಂ ಕೊಟ್ಟರು. ಇದರಲ್ಲಿ ಏನಿದೆ ಎಂದು ಕೇಳಿದೆ. ಕೌಂಟರಿನವನು ತಲೆ ಎತ್ತಲಿಲ್ಲ. "ನಿಮಗೆ ಅರ್ಥ ಆಗಲ್ಲ ಬಿಡಿ, ಇಲ್ಲಿ ಸೈನ್ ಮಾಡಿ. ಟ್ರೀಟ್‌ಮೆಂಟ್ ದಿನ ಮಗು ನಾಲ್ಕು ಗಂಟೆ ಮುಂಚಿನಿಂದ ಖಾಲಿ ಹೊಟ್ಟೇಲಿ ಇರ್ಬೇಕು."

ಆ "ಬಿಡಿ" ಅನ್ನುವ ಮಾತು ನನಗೆ ಹೊಸದಲ್ಲ. ಎಂಟನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಅದನ್ನೇ ಅಂದಿದ್ದರು. ಅವತ್ತು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದುಬಂದವನು ಮತ್ತೆ ಹೋಗಲಿಲ್ಲ. ಇಲ್ಲಿಂದ ಎದ್ದುಹೋಗುವ ಹಾಗಿರಲಿಲ್ಲ. ಸೈನು ಮಾಡಿದೆ. ಪೆನ್ನು ಪೇಪರನ್ನು ಹರಿಯುವಷ್ಟು ಒತ್ತಿ ಮಾಡಿದೆ.

*

ಭಾವ ಊರಲ್ಲಿ ಹುಳ ಮೇಯಿಸಿಕೊಂಡಿದ್ದ. ಹುಳು ಮನೆಯಲ್ಲಿದ್ದಾಗ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಬಿಟ್ಟು ಬರುವಂತಿಲ್ಲ. ಹಾಗಾಗಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಅಕ್ಕ, ಬಿಂದು ಮತ್ತು ನಾನು ಇದ್ದೆವು.

ಮೂರು ಸಲದ ಬಿಸಿ ಮುಗಿದಿತ್ತು. ಮೂರು ಸಲವೂ ಗೆಡ್ಡೆಯ ಅರ್ಧ ಭಾಗ ನಲವತ್ತೂವರೆ ದಾಟಲೇ ಇಲ್ಲವಂತೆ. ಪಕ್ಕದ ರಕ್ತನಾಳ ಬಿಸಿಯನ್ನು ಕದ್ದೊಯ್ಯುತ್ತಿರಬೇಕು ಎಂದು ಡಾಕ್ಟರು ಅಂದರು. ನಾಳೆ ನಾಲ್ಕನೆಯದು.

ಸಂಜೆ ಅಕ್ಕ ಸಾರಿಗೆ ಒಗ್ಗರಣೆ ಇಡುತ್ತಿದ್ದಳು. ಚಾಪೆಯ ಮೇಲೆ ಕೂತ ಬಿಂದು ಕಿವಿಗೊಟ್ಟು ಕೇಳಿದಳು. ಕೂದಲಿಲ್ಲದ ತಲೆಗೆ ಅವರಪ್ಪನ ಮಂಕಿಟೋಪಿ ಹಾಕಿದ್ದಳು.

"ಅಮ್ಮ, ಆಸ್ಪತ್ರೇಲೂ ಹಿಂಗೇ ಸದ್ದು ಬತ್ತದೆ. ಆದ್ರೆ ಒಂದೊಂದೇ. ಚಿಟ್. ಆಮೇಲೆ ಎಷ್ಟೊತ್ತಿಗೋ ಇನ್ನೊಂದು ಚಿಟ್."

ಅದು ನಿಜ. ಗುಳ್ಳೆ ಒಡೆದಾಗ ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಸದ್ದು ಹೊರಡುತ್ತದೆ, ಯಂತ್ರ ಅದನ್ನು ಹಿಡಿದು ನಮಗೆ ಕೇಳುವ ಹಾಗೆ ದೊಡ್ಡದು ಮಾಡಿ ಸ್ಪೀಕರಿಗೂ ಅವಳ ಕಿವಿಯ ಹೆಡ್‌ಫೋನಿಗೂ ಕಳಿಸುತ್ತದೆ. ಔಷಧಿ ಬಾಯಿಬಿಟ್ಟಿತೋ ಇಲ್ಲವೋ ಎಂದು ಗೊತ್ತಾಗುವುದು ಹಾಗೆ.

"ಎಣ್ಣೆ ಕಾಯದೇ ಇದ್ರೆ ಸಾಸಿವೆ ಎಲ್ಲಿ ಸಿಡೀತದೆ," ಎಂದಳು ಅಕ್ಕ. ನನ್ನ ಕಡೆ ನೋಡದೆ ಹೇಳಿದಳು. "ನಾಳೇನೂ ಹಿಂಗೇ ಆದ್ರೆ ಏನ್ ಮಾಡೋದೋ ಮುನಿ?"

"ಆಗಲ್ಲ ಬಿಡಕ್ಕ."

ನಾನೂ ಬಿಡು ಎಂದಿದ್ದೆ. ಗಮನಕ್ಕೆ ಬಂದು ಬಾಯಿ ಮುಚ್ಚಿಕೊಂಡೆ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಬೇಸಿನ್ನು ಮಿತಿ ಮೀರಿ ಕಾದಾಗ ನಾವು ಮಾಡುವ ಕೆಲಸ ಒಂದೇ, ಮೂಲೆಯಲ್ಲಿ ಒಂದು ಚೆಂಬು ತಣ್ಣೀರು ಹುಯ್ಯುವುದು. ಮೇಸ್ತ್ರಿಗೆ ಹೇಳುವುದಿಲ್ಲ, ಹೇಳಿದರೆ ಬಾಯ್ಲರಿನವನಿಗೂ ಅವನಿಗೂ ಜಗಳ. ಹುಯ್ದು ಸುಮ್ಮನೆ ಕೆಲಸ ಮುಂದುವರಿಸುವುದು. ಬಿಂದುವನ್ನು ಮೊದಲ ದಿನ ಆ ಬಿಸಿ ಕೋಣೆಗೆ ಕರೆದುಕೊಂಡು ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಗೂಡಿನೊಳಗೆ ಬೆಂದ ಹುಳ. ದಿನಕ್ಕೆ ಸಾವಿರಗಟ್ಟಲೆ ನೋಡಿದ್ದೇನೆ. ಅದರ ವಾಸನೆ ನನ್ನ ಅಂಗಿಯಿಂದ ಇವತ್ತಿಗೂ ಹೋಗಿಲ್ಲ. ಖಾಲಿ ಹೊಟ್ಟೆಯ ಮಗುವನ್ನು ಬಿಸಿಗೆ ಇಡುತ್ತಾರಂತೆ. ಖಾಲಿ ಹೊಟ್ಟೆ ಅನ್ನುವುದು ಎಲ್ಲ ಆಸ್ಪತ್ರೆಯವರೂ ಎಲ್ಲದಕ್ಕೂ ಹೇಳುವ ಮಾತು. ಉಷ್ಣಕ್ಕೆ ಎಳನೀರಿಗಿಂತ ತಂಪು ಯಾವುದಿದೆ?

ಬಟ್ಟೆ ಬದಲಿಸುವ ಕೋಣೆಗೆ ಒಬ್ಬರನ್ನೇ ಬಿಡುತ್ತಾರೆ. ಅಕ್ಕನಿಗೆ ಅಲ್ಲಿ ಅಳು ಬರುತ್ತದೆಂದು ನಾನೇ ಹೋಗುತ್ತಿದ್ದೆ. ಒಂದು ಸ್ಟೀಲ್ ಬಾಟಲಿ ತುಂಬ ಎಳನೀರು ಇಟ್ಟುಕೊಂಡು ಹೋಗಿ, ಹೆಸರು ಕೂಗುವುದರೊಳಗೆ ಕುಡಿಸಿಬಿಡುತ್ತಿದ್ದೆ. ಯಾರಿಗೂ ಹೇಳಬಾರದು, ನಮ್ಮಿಬ್ಬರ ಗುಟ್ಟು ಎಂದಿದ್ದೆ. ಬಿಂದು ಬಾಯಿ ಒರೆಸಿಕೊಂಡು ತಲೆ ಆಡಿಸಿದ್ದಳು. ನರ್ಸು ಬಂದು "ಏನೂ ಕೊಟ್ಟಿಲ್ಲ ಅಲ್ವಾ?" ಎಂದರೆ ಇಬ್ಬರೂ ಒಟ್ಟಿಗೆ ಇಲ್ಲ ಎನ್ನುತ್ತಿದ್ದೆವು.

ಹಾಗೆ ಮೂರು ಸಲ. ನಾಲ್ಕನೇ ಬೆಳಿಗ್ಗೆಯೂ ಕುಡಿಸಿದೆ.

*

ಆ ದಿನ ಮಾತ್ರ ಒಂದು ಬದಲಾವಣೆ ಆಯಿತು. ಮೂರನೇ ಸಲ ಬಿಂದು ಅತ್ತು ಅಲುಗಾಡಿದ್ದಳು. ಅದಕ್ಕೆ ಹಳ್ಯಾಳ ಡಾಕ್ಟರು, "ಮಾವ ಒಳಗ ಬರ್ಲಿ, ಮೈಕಿನಾಗ ಕಥಿ ಹೇಳ್ಲಿ. ಹುಡುಗಿ ಅಲುಗಾಡಬಾರದು ನೋಡ್ರಿ," ಎಂದರು. ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದುಕೊಂಡು ಹೋದರು.

ಗಾಜಿನ ಆಚೆ ಬಿಂದು ಮಲಗಿದ್ದಳು. ಹೊಟ್ಟೆಯ ಸುತ್ತ ನೀರು ಹರಿಯುವ ದಪ್ಪ ಜಾಕೀಟು. ಅವಳು ಅದನ್ನು ಆಮೆಚಿಪ್ಪು ಎನ್ನುತ್ತಿದ್ದಳು. ಅದರ ಸುತ್ತ ಬಳೆಯ ಹಾಗೆ ಹನ್ನೆರಡು ಕಪ್ಪು ಪೆಟ್ಟಿಗೆಗಳು. ಕಿವಿಗೆ ಹೆಡ್‌ಫೋನು. ನನ್ನನ್ನು ಕಂಡು ಒಂದು ಬೆರಳು ಮಾತ್ರ ಆಡಿಸಿದಳು.

ಒಳಗೆ ಯಂತ್ರ ನಡೆಸುವವರು ಲೋಬೊ ಎಂಬ ಮಂಗಳೂರಿನವರು. ನನ್ನ ಕೈ ಬೆರಳುಗಳನ್ನು ನೋಡಿ, "ಎಂತ ಮಾರಾಯ್ರೆ, ಇಷ್ಟು ಬೆಳ್ಳಗೆ ನೆನೆದು ಹೋಗಿದೆ," ಎಂದರು. ನಾನು ರೇಷ್ಮೆ ಎಂದೆ. "ಹಾಗಾದರೆ ನೀವೂ ಬಿಸಿನೀರಿನ ಜನವೇ. ಕೂತ್ಕೊಳ್ಳಿ."

ಡಾಕ್ಟರು ಒಂದು ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ನನ್ನ ಮುಂದಿಟ್ಟರು. ನಾನು ಕೇಳಿರಲಿಲ್ಲ. ಎರಡು ಕೈಯ ಬೆರಳುಗಳನ್ನು ತಟ್ಟೆಯ ಅಂಚಿನ ಸುತ್ತ ನೀರಿಗೆ ಮುಟ್ಟಿಸಿ ಮೆಲ್ಲಗೆ ಕುಣಿಸಿದರು. ಹತ್ತು ಕಡೆಯಿಂದ ಸಣ್ಣ ಅಲೆಗಳು ಹೊರಟವು. ನಡುವೆ ಒಂದು ಕಡೆ ಎಲ್ಲ ಅಲೆಗಳೂ ಒಟ್ಟಿಗೆ ಎದ್ದು ನೀರು ಮೊಳಕೆಯ ಹಾಗೆ ಮೇಲೆದ್ದು ನಿಂತಿತು. ಉಳಿದ ಕಡೆ ಒಂದು ಅಲೆ ಇನ್ನೊಂದನ್ನು ತಿಂದು ನೀರು ಸುಮ್ಮನಿತ್ತು.

"ಆ ಪೆಟಿಗಿಯಿಂದ ಬರೂದು ರೇಡಿಯೋ ಅಲೆ. ಹನ್ನೆರಡೂ ಕೂಡಿ ಏಳೂ ಜಾಗ ಒಂದ. ಅಲ್ಲೇ ಬಿಸಿ. ಒಂದು ಬೆರಳು ಸ್ವಲ್ಪ ತಡಾ ಮಾಡಿದ್ರ ಮೊಳಕಿ ಬ್ಯಾರೆ ಕಡೆ ಸರೀತೈತಿ. ಯಾವ ಪೆಟಿಗಿ ಎಷ್ಟು ತಡಾ ಮಾಡ್ಬೇಕು ಅಂತ ಮೊದಲ ಆಕಿ ಹೊಟ್ಟಿ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿರತೀವಿ."

ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಒಂಬತ್ತು ವರ್ಷ ನೀರಿನ ಮುಂದೆ ಕೂತಿದ್ದೇನೆ. ನೀರಿಗೆ ಹೀಗೂ ಮಾಡಲು ಬರುತ್ತದೆ ಎಂದು ಯಾರೂ ನನಗೆ ತೋರಿಸಿರಲಿಲ್ಲ. ಲೆಕ್ಕದ ಮೇಷ್ಟ್ರು ಇಂಥದೊಂದು ತಟ್ಟೆ ಇಟ್ಟಿದ್ದರೆ ನಾನು ಏಳುತ್ತಿರಲಿಲ್ಲ. ಎಳೆ ಸಿಕ್ಕಿದ ಹಾಗೆ ಏನೋ ಒಂದು ಎದೆಯೊಳಗಿಂದ ಬಿಚ್ಚಿಕೊಳ್ಳಲು ಶುರುವಾಯಿತು. ಅದರ ಜೊತೆಗೇ ಸಿಟ್ಟೂ ಬಂತು.

ಯಂತ್ರ ಶುರುವಾಯಿತು. ಪರದೆಯ ಮೇಲೆ ಬಿಂದುವಿನ ಹೊಟ್ಟೆ ಅಡ್ಡಡ್ಡ ಸೀಳಿದ ಹಾಗೆ ಕಂಡಿತು. ಅದು ಚಿತ್ರವಲ್ಲ, ಒಳಗಿನ ಬಿಸಿಯ ನಕ್ಷೆ. ತಣ್ಣಗಿದ್ದಲ್ಲಿ ನೀಲಿ, ಮೈ ಬಿಸಿಗೆ ಹಸಿರು, ಆಮೇಲೆ ಹಳದಿ, ಕೆಂಪು. ಅವಳು ಉಸಿರಾಡಿದರೆ ಬಣ್ಣಗಳೂ ಏರಿ ಇಳಿಯುತ್ತಿದ್ದವು. ಚರ್ಮಕ್ಕೆ ಬೆರಳು ಮುಟ್ಟಿಸದೆ, ಒಂದು ಗೀರು ಹಾಕದೆ, ಒಂದು ಮಗುವಿನ ಒಳಗನ್ನು ಹೀಗೆ ನೋಡುವುದು! ದೇವರ ಮನೆಯ ಬಾಗಿಲು ಸ್ವಲ್ಪ ತೆರೆದಿದ್ದಾಗ ಒಳಗಿನ ದೀಪ ಕಂಡ ಹಾಗಿತ್ತು. ನಾನು ಕೈ ಕಟ್ಟಿಕೊಂಡು ಕೂತೆ.

ರಕ್ತಕ್ಕೆ ಔಷಧಿ ಬಿಟ್ಟರು. "ಇನ್ನ ಒಂದು ತಾಸು. ಅಷ್ಟರಾಗ ಒಡೀಲಿಲ್ಲಂದ್ರ ಗುಳ್ಳಿನೆಲ್ಲ ಯಕೃತ್ತು ನುಂಗತೈತಿ," ಎಂದು ಡಾಕ್ಟರು ಗಡಿಯಾರ ನೋಡಿದರು. "ಕಥಿ ಸುರು ಮಾಡ್ರಿ."

ಮೈಕಿನಲ್ಲಿ ಹೇಳಿದೆ. "ಬಿಂದು, ಒಂದೂರಲ್ಲಿ ಒಂದು ರೇಷ್ಮೆಹುಳ ಇತ್ತಂತೆ."

"ಅದರ ಹೆಸರೇನು ಮಾವ?" ಸ್ಪೀಕರಿನಲ್ಲಿ ಅವಳ ದನಿ ನನ್ನ ಪಕ್ಕದಲ್ಲೇ ಕೂತಷ್ಟು ಹತ್ತಿರ ಕೇಳಿಸಿತು.

"ಹೊಟ್ಟೆಬಾಕ."

ಅವಳು ಕಿಸಕ್ಕನೆ ನಕ್ಕಳು. ಲೋಬೊ ನನ್ನ ಕಡೆ ಕಣ್ಣು ಬಿಟ್ಟರು.

"ನಗಬಾರ್ದು ಕಣೆ. ಹೊಟ್ಟೆಬಾಕ ಸೊಪ್ಪು ತಿಂದು ತಿಂದು ದಪ್ಪ ಆಯ್ತು. ಚರ್ಮ ಬಿಗಿ ಆಯ್ತು. ಆಗ ಏನ್ ಮಾಡ್ತು ಹೇಳು?"

"ಜ್ವರಕ್ಕೆ ಕೂತ್ಕೊಂತು."

ಹುಳು ಸಾಕುವ ಮನೆಯ ಮಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮೊದಲು ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹಾಗೆ. ನಾಲ್ಕನೇ ಜ್ವರ ದಾಟಿದ ಹುಳವೇ ಗೂಡು ಕಟ್ಟುವುದು.

"ಇದು ನಾಲ್ಕನೇ ಜ್ವರ. ಹೊಟ್ಟೆಬಾಕ ತಲೆ ಎತ್ಕೊಂಡು ಹಂಗೇ ಕೂತದೆ. ನೊಣ ಬಂದ್ರೂ ಅಲುಗಾಡಲ್ಲ."

"ಯಾರಾದ್ರೂ ಕಚಗುಳಿ ಇಟ್ರೆ?"

"ಇಟ್ರೂ ಅಲುಗಾಡಲ್ಲ."

ಅವಳು ಮತ್ತೆ ನಕ್ಕಳು.

ಇಪ್ಪತ್ತು ನಿಮಿಷ ಕಳೆಯಿತು. ಗೆಡ್ಡೆಯ ಒಂದು ಪಕ್ಕ ಕಡುಗೆಂಪು ಆಗಿತ್ತು. ಇನ್ನೊಂದು ಪಕ್ಕ ಹಳದಿಯಲ್ಲೇ ನಿಂತಿತ್ತು. ಅದಕ್ಕೆ ಅಂಟಿಕೊಂಡೇ ಮುರುಟಿದ ಅವರೆಕಾಯಿಯ ಆಕಾರದ ಒಂದು ನೀಲಿ ಮಚ್ಚೆ. ಸ್ಪೀಕರಿನಲ್ಲಿ ಒಂದು ಚಿಟ್. ಬಹಳ ಹೊತ್ತಿಗೆ ಇನ್ನೊಂದು.

"ನಲವತ್ತು ಪಾಯಿಂಟ್ ಆರು," ಎಂದರು ಲೋಬೊ. "ಅದೇ ಜಾಗ. ಅದೇ ರಕ್ತನಾಳ. ಪವರ್ ಜಾಸ್ತಿ ಮಾಡಿದರೆ ಈ ಕಡೆ ಸುಡ್ತದೆ."

ಹಳ್ಯಾಳ ಡಾಕ್ಟರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೂರು ಸಲದಿಂದ ನಾನು ಈ ಹೆಂಗಸನ್ನು ಮನಸ್ಸಿನಲ್ಲೇ ಬೈದಿದ್ದೆ. ಅವರಿಗೂ ನಿದ್ದೆ ಬರುವುದಿಲ್ಲ ಎಂದು ಒರೆಸುತ್ತಲೇ ಇದ್ದ ಆ ಕೈ ನೋಡಿದಾಗ ಗೊತ್ತಾಯಿತು.

"ಮಾವ, ನಿಲ್ಲಿಸ್ಬಿಟ್ಯಲ್ಲ. ಜ್ವರದಲ್ಲಿ ಹೊಟ್ಟೆಬಾಕ ಏನ್ ತಿಂತು?"

"ಏನೂ ತಿನ್ನಲ್ಲ ಕಣೆ. ಜ್ವರಕ್ಕೆ ಕೂತಾಗ ಯಾರೂ ಸೊಪ್ಪು..."

ಸೊಪ್ಪು ಹಾಕಬಾರದು. ಹಾಕಿದರೆ ಹುಳ ಕೆಡುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಹೊಟ್ಟೆಬಾಕ ಕಳ್ಳತನದಲ್ಲಿ ತಿಂದಿರ್ತದೆ," ಎಂದು ಬಿಂದು ನಕ್ಕಳು.

ಪರದೆಯ ಮೇಲೆ ಅವಳ ಹೊಟ್ಟೆ ಕುಲುಕಿತು. ಬಣ್ಣಗಳೆಲ್ಲ ಒಟ್ಟಿಗೆ ಹಾರಿ ಒಟ್ಟಿಗೆ ನಿಂತವು. ಆ ನೀಲಿ ಮಾತ್ರ ನಿಲ್ಲಲಿಲ್ಲ. ಒಂದು ಕಡೆಗೆ ವಾಲಿತು, ಮತ್ತೆ ಈ ಕಡೆಗೆ ಬಂತು, ಇನ್ನೊಂದು ಸಲ ಸ್ವಲ್ಪ ವಾಲಿ, ಆಮೇಲೆ ಸಮ ಆಯಿತು.

ಬೇಸಿನ್ನಿಗೆ ಮೊಣಕೈ ತಾಗಿದಾಗ ನೀರು ಹೀಗೇ ಮಾಡುತ್ತದೆ. ಮಾಂಸ ಹಾಗೆ ಮಾಡುವುದಿಲ್ಲ, ನಾಳದಲ್ಲಿ ಹರಿಯುವ ರಕ್ತವೂ ಮಾಡುವುದಿಲ್ಲ. ಅದು ಪಾತ್ರೆಯಲ್ಲಿ ನಿಂತ ನೀರು. ಆ ನೀರನ್ನು ಅಲ್ಲಿಗೆ ಹುಯ್ದವನು ನಾನು.

ಹಳ್ಯಾಳ ಡಾಕ್ಟರೂ ಪರದೆಯ ಹತ್ತಿರ ಬಗ್ಗಿದ್ದರು. ಅವರೂ ಏನೋ ಕಂಡಿರಬೇಕು. ಮೈಕು ತಮ್ಮ ಕಡೆ ಎಳೆದುಕೊಂಡರು.

"ಬಿಂದವ್ವ, ಮುಂಜಾನೆ ಏನರೆ ಕುಡಿದೀಯೇನವಾ? ಖರೇ ಹೇಳು, ಯಾರೂ ಬೈಯೂದಿಲ್ಲ."

"ಇಲ್ಲ," ಎಂದಳು ಬಿಂದು. ತಕ್ಷಣ ಹೇಳಿದಳು. "ನಾನೇನೂ ಕುಡ್ದಿಲ್ಲ."

ಗಾಜಿನ ಆಚೆಯಿಂದ ನನ್ನನ್ನು ನೋಡಿದಳು. ಗುಟ್ಟು ಕಾಪಾಡಿದ್ದೇನೆ ನೋಡು ಅನ್ನುವ ನೋಟ. ಆ ಮಗುವಿಗೆ ಗೊತ್ತಿರಲಿಲ್ಲ, ಅವಳು ಕಾಪಾಡುತ್ತಿರುವುದು ಅವಳನ್ನೇ ಕೊಲ್ಲುವ ಗುಟ್ಟನ್ನು ಎಂದು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕೈದು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಬೆಂಚಿನ ಮೇಲೆ ಕೂತ ಅಕ್ಕನ ಮುಖ ನೆನಪಾಯಿತು. ಹೇಳಿದರೆ ಆ ಮುಖವನ್ನು ಇನ್ನು ಜೀವಮಾನದಲ್ಲಿ ನೋಡಲಾರೆ ಅನಿಸಿತು.

"ನಾನು ಕುಡಿಸಿದೀನಿ," ಎಂದೆ. "ಎಳನೀರು. ನಾಲ್ಕು ಸಲಾನೂ."

ಲೋಬೊ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಹಳ್ಯಾಳ ಡಾಕ್ಟರ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಾಲ್ಕು ಸಲಾನೂ," ಎಂದು ಮೆಲ್ಲಗೆ ಅವರೂ ಹೇಳಿದರು. ಆಮೇಲೆ, "ಎಷ್ಟ?"

"ಒಂದು ಬಾಟ್ಲಿ. ಮುನ್ನೂರು ಎಂಎಲ್."

"ಯಾವಾಗ?"

"ಒಳಗೆ ಕರ್ಕೊಂಡು ಬರೋಕೆ ಐದು ನಿಮಿಷ ಮುಂಚೆ. ತಣ್ಣಗಿತ್ತು. ಇಪ್ಪತ್ತೆರಡು ಡಿಗ್ರಿ ಇರ್ಬೇಕು."

"ಇರ್ಬೇಕು ಅಂದ್ರೆ?" ಎಂದರು ಲೋಬೊ.

"ನನ್ನ ಕೈ ತಪ್ಪಲ್ಲ ಸರ್. ಇಪ್ಪತ್ತೆರಡು."

ಡಾಕ್ಟರು ಬೆರಳು ಮಡಚಿ ಲೆಕ್ಕ ಹಾಕಿದರು. "ಅರ್ಧ ಕೆಳಗ ಇಳದಿರತೈತಿ. ಉಪ್ಪಿನಂಶ ಇರೂ ನೀರು, ಅಲೆ ದಾರಿನೆಲ್ಲ ಅದ ತಪ್ಪಸಾಕತ್ತೇತಿ. ಲೋಬೊ, ಸ್ಕ್ಯಾನಿನಾಗ ಜಠರ ಖಾಲಿ ಅಂತ ಬರದೀವಿ. ತುಂಬೇತಿ ಅಂತ ಬರದು ಮತ್ತ ಲೆಕ್ಕ ಹಾಕ್ಸ್ರಿ."

"ಮೂಗಿನಿಂದ ನಳಿಗೆ ಹಾಕಿ ತೆಗೆಯುವುದಾ?"

"ಅಳತಾಳ, ಅಲುಗಾಡತಾಳ. ಹೊತ್ತಿಲ್ಲ. ನೀರು ಅಲ್ಲೇ ಇರ್ಲಿ, ಅಲೆ ಸುತ್ತು ಹೊಡದು ಬರ್ಲಿ."

ಲೋಬೊ ಟೈಪು ಮಾಡಿದರು. ಪರದೆಯ ಮೂಲೆಯಲ್ಲಿ ಒಂದು ಗೆರೆ ನಿಧಾನ ತುಂಬಲು ಶುರುವಾಯಿತು. ನಾಲ್ಕು ನಿಮಿಷ ಎಂದು ತೋರಿಸಿತು. ಆ ಯಂತ್ರ ಒಂದು ಮಗುವಿನ ಹೊಟ್ಟೆಯನ್ನು ಅಕ್ಕಿಕಾಳಿನಷ್ಟು ಸಣ್ಣ ಲಕ್ಷಾಂತರ ಚೂರು ಮಾಡಿಕೊಂಡು, ಪ್ರತಿ ಚೂರಿನಲ್ಲೂ ಹನ್ನೆರಡು ಅಲೆ ಏನು ಮಾಡುತ್ತವೆ ಎಂದು ಹೊಸದಾಗಿ ಎಣಿಸುತ್ತಿದೆ ಎಂದರು. ನನ್ನ ಎಳನೀರನ್ನೂ ಸೇರಿಸಿ.

"ಮಾವ?" ಬಿಂದುವಿನ ದನಿ ಸಣ್ಣದಾಗಿತ್ತು. "ಹೇಳ್ಬಿಟ್ಯಾ?"

"ಹೇಳ್ದೆ ಕಣೆ."

"ಗುಟ್ಟು ಅಂದಿದ್ದೆ."

"ತಪ್ಪು ನಂದು. ನಿಂದಲ್ಲ. ನೀನು ಅಲುಗಾಡ್ಬೇಡ ಚಿನ್ನ."

ಅವಳು ಅಲುಗಾಡಲಿಲ್ಲ. ತಲೆಯನ್ನು ಸ್ವಲ್ಪ ಹಿಂದಕ್ಕೆ ಎತ್ತಿ, ಚಾವಣಿ ನೋಡುತ್ತ ಮಲಗಿದಳು. ಥೇಟ್ ಜ್ವರಕ್ಕೆ ಕೂತ ಹುಳ.

ಗೆರೆ ತುಂಬಿತು. ಗಾಜಿನ ಆಚೆ ಏನೂ ಬದಲಾಗಲಿಲ್ಲ, ಯಾವ ಪೆಟ್ಟಿಗೆಯೂ ಚಲಿಸಲಿಲ್ಲ. ಪರದೆಯ ಮೇಲೆ ಮಾತ್ರ ಆ ಕಡುಗೆಂಪು ಸ್ವಲ್ಪ ಸಡಿಲವಾಯಿತು. ಆಮೇಲೆ ನೀಲಿಯ ಅಂಚು ಬಳಸಿಕೊಂಡು, ಕತ್ತಲಲ್ಲಿ ಗೋಡೆ ಸವರುತ್ತ ಬರುವವರ ಹಾಗೆ ಕೆಂಪು ಆ ಕಡೆಗೆ ಜರುಗಿತು. ಹಳದಿ ಕಿತ್ತಳೆಯಾಯಿತು. ನಲವತ್ತೊಂದು. ನಲವತ್ತೊಂದೂವರೆ. ಲೋಬೊ ಓದುತ್ತಿದ್ದ ಅಂಕಿಗಳು ನನಗೆ ಬೇಕಿರಲಿಲ್ಲ. ನನ್ನ ಬೆರಳ ತುದಿಗೇ ಅದು ತಾಗುತ್ತಿತ್ತು. ಇನ್ನೂ ಇಲ್ಲ, ಇನ್ನೂ ಇಲ್ಲ, ಈಗ.

ಚಿಟ್.

ಚಿಟ್ ಚಿಟ್.

ಆಮೇಲೆ ಸ್ಪೀಕರು ತುಂಬ ಸಿಡಿಯಲು ಶುರುವಾಯಿತು. ಕಾದ ಎಣ್ಣೆಗೆ ಒಂದು ಹಿಡಿ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ ಎಂದು ಬಿಡುವೇ ಇಲ್ಲದೆ, ಒಂದರ ಸದ್ದನ್ನು ಇನ್ನೊಂದರಿಂದ ಬೇರೆ ಮಾಡಲಾಗದಷ್ಟು. ಕಣ್ಣಿಗೆ ಕಾಣದ ಕೋಟಿ ಗುಳ್ಳೆಗಳು ಒಂದು ಪುಟ್ಟ ಹೊಟ್ಟೆಯ ಒಳಗೆ, ಒಡೆಯಬೇಕಾದ ಜಾಗದಲ್ಲಿ ಮಾತ್ರ ಒಡೆಯುತ್ತಿದ್ದವು. ಅದರ ಪಕ್ಕದಲ್ಲಿ ಅವಳ ಮೂತ್ರಪಿಂಡ ಹಸಿರಾಗಿ ತಣ್ಣಗಿತ್ತು. ಬೆನ್ನುಮೂಳೆ ತಣ್ಣಗಿತ್ತು. ಬಿಸಿ ಮಾತು ಕೇಳುತ್ತಿತ್ತು.

ಹಳ್ಯಾಳ ಡಾಕ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಾಗಿಲು ಸ್ವಲ್ಪ ತೆರೆದಿತ್ತು. ಅಕ್ಕ ಬೆಂಚಿನಿಂದ ಎದ್ದು ಬಂದು ಅಲ್ಲಿ ನಿಂತಿದ್ದಳು. ಅವಳಿಗೆ ಪರದೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

"ಎಣ್ಣೆ ಕಾಯ್ತು," ಎಂದಳು.

ಒಳಗಿನಿಂದ ಬಿಂದು ಕೇಳಿದಳು. "ಮಾವ, ನನ್ನ ಹೊಟ್ಟೇಲಿ ಯಾರು ಒಗ್ಗರಣೆ ಹಾಕ್ತಾವ್ರೆ?"

ಲೋಬೊ ಮೈಕು ತೆಗೆದುಕೊಂಡರು. "ಹೊಟ್ಟೆಬಾಕನಿಗೆ ಹಸಿವಾಯಿತಂತೆ ಮಾರಾಯ್ತಿ. ಸಾರು ಮಾಡ್ತಾ ಉಂಟು."

ಉಳಿದ ಹೊತ್ತೆಲ್ಲ ಆ ನೀಲಿ ಕೊಳ ಚೂರು ಚೂರೇ ಕರುಳಿಗೆ ಇಳಿಯುತ್ತ ಸಣ್ಣದಾಗುತ್ತಿತ್ತು. ಅದು ಸಣ್ಣದಾದಂತೆ ಯಂತ್ರ ಮತ್ತೆ ಮತ್ತೆ ಲೆಕ್ಕ ಬದಲಿಸಿ ಬಿಸಿಯನ್ನು ಜಾಗ ಬಿಡದ ಹಾಗೆ ಹಿಡಿದಿತ್ತು. ನಲವತ್ತಮೂರು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಷ್ಟು ಹದದ ನೀರನ್ನು ನಾನು ಒಂಬತ್ತು ವರ್ಷದಲ್ಲಿ ಒಂದು ದಿನವೂ ಹಿಡಿದಿಲ್ಲ.

ಎಲ್ಲ ಮುಗಿದ ಮೇಲೆ ಕಾರಿಡಾರಿನಲ್ಲಿ ಹಳ್ಯಾಳ ಡಾಕ್ಟರು ನನ್ನನ್ನು ನಿಲ್ಲಿಸಿದರು.

"ಮೂರು ಸಲದ ಔಷಧ ಅರ್ಧಕ್ಕರ್ಧ ನೀರಾಗ ಹೋತು. ಅದನ್ನ ನಾ ಮರಿಯೂದಿಲ್ಲ. ನೀವೂ ಮರಿಬ್ಯಾಡ್ರಿ," ಎಂದರು. "ಆದ್ರ ಖಾಲಿ ಹೊಟ್ಟಿ ಯಾಕ ಅಂತ ನಾ ನಿಮಗ ಒಂದು ಸಲಾನೂ ಹೇಳಿಲ್ಲ. ಆ ತಟ್ಟಿ ಮೊದಲನೇ ದಿನ ತೋರಿಸಿದ್ರ ನೀವು ಎಳನೀರು ತರತಿದ್ರೇನು?"

"ಇಲ್ಲ," ಎಂದೆ.

"ನನಗೂ ಹಂಗ ಅನಸ್ತು."

ಅಕ್ಕನಿಗೆ ಅವತ್ತೇ ನಾನೇ ಹೇಳಿದೆ. ಅವಳು ಬೈಯಲಿಲ್ಲ. ಎಂಟು ದಿನ ನನ್ನ ತಟ್ಟೆಗೆ ಅನ್ನ ಹಾಕಿದಳು, ಮಾತಾಡಲಿಲ್ಲ. ಒಂಬತ್ತನೇ ದಿನ, "ಉಪ್ಪು ಸಾಕಾ?" ಎಂದಳು. ಬೇಸಿನ್ನಿನ ಕೆಲಸದವನು ಎಷ್ಟೇ ಬಿಸಿ ತಾಗಿದರೂ ಕೈ ಹಿಂದಕ್ಕೆ ಎಳೆಯುವುದಿಲ್ಲ. ಆ ಎಂಟು ದಿನ ನಾನೂ ಎಳೆಯಲಿಲ್ಲ.

*

ಆರು ವಾರದ ಮೇಲೆ ಸ್ಕ್ಯಾನು ಮಾಡಿದರು. ಕಿತ್ತಳೆ ನಿಂಬೆಹಣ್ಣಾಗಿತ್ತು. ಅದರಲ್ಲಿ ಜೀವ ಇರುವ ಭಾಗ ಅದರ ಸಿಪ್ಪೆಯಷ್ಟು. ರಕ್ತನಾಳವನ್ನು ತಬ್ಬಿದ್ದ ಹಿಡಿತ ಸಡಿಲಾಗಿ ನಡುವೆ ಸಂದು ಬಿಟ್ಟಿತ್ತು. ಈಗ ಕೊಯ್ದು ತೆಗೆಯಬಹುದು ಎಂದರು ಡಾಕ್ಟರು. ಪೂರ್ತಿ ವಾಸಿ ಎನ್ನಲಿಲ್ಲ. ಎರಡು ವರ್ಷ ನೋಡಬೇಕು ಎಂದರು. ಮೊದಲ ಮೂರು ಸಲವೂ ಹೀಗೇ ಆಗಿದ್ದರೆ ನಿಂಬೆಯೂ ಉಳಿಯುತ್ತಿರಲಿಲ್ಲವೇನೋ. ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಈಗ ಒಂದು ಸ್ಟೀಲ್ ತಟ್ಟೆ ಮತ್ತು ಒಂದು ಚೆಂಬು ನೀರು ಇಟ್ಟಿದ್ದಾರೆ. ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ ಅಲೆ ತೋರಿಸಿ, ಹೊಟ್ಟೆಯಲ್ಲಿ ನೀರಿದ್ದರೆ ಏನಾಗುತ್ತದೆ ಎಂದು ಹೇಳಿದ ಮೇಲೇ ಸೈನು. ಶನಿವಾರ ಫಿಲೇಚರು ರಜೆ. ಅವತ್ತು ತೋರಿಸುವವನು ನಾನು. ಯಾರಿಗೂ "ಅರ್ಥ ಆಗಲ್ಲ" ಎಂದು ಇದುವರೆಗೆ ಹೇಳಿಲ್ಲ. ಎಲ್ಲರಿಗೂ ಅರ್ಥ ಆಗಿದೆ.

ಸ್ಕ್ಯಾನಿನ ದಿನ ಹೊರಗೆ ಬಂದಾಗ ಗೇಟಿನ ಪಕ್ಕ ಸೈಕಲ್ಲಿನಲ್ಲಿ ಎಳನೀರು ಮಾರುತ್ತಿದ್ದರು. ಬಿಸಿಲು ಜೋರಿತ್ತು. ಮಂಕಿಟೋಪಿಯ ಅಡಿಯಲ್ಲಿ ಬಿಂದುವಿನ ತಲೆಗೆ ಹುಲ್ಲಿನಂತೆ ಸಣ್ಣ ಕೂದಲು ಬಂದಿತ್ತು. ನಾನು ಒಂದು ಕೊಚ್ಚಿಸಿ ಸ್ಟ್ರಾ ಹಾಕಿ ಅವಳ ಕೈಗೆ ಕೊಟ್ಟೆ.

ಅವಳು ಎರಡು ಕೈಯಲ್ಲೂ ಹಿಡಿದುಕೊಂಡಳು, ಕುಡಿಯಲಿಲ್ಲ.

"ಕುಡಿಯೇ. ಈಗೇನೂ ಪರವಾಗಿಲ್ಲ."

"ನೀನು ಹೇಳೋದು ಬೇಡ ಮಾವ. ಡಾಕ್ಟ್ರನ್ನ ಕೇಳ್ಕೊಂಡು ಬಾ."

ಅಕ್ಕ ನಗು ತಡೆಯಲು ಆ ಕಡೆ ತಿರುಗಿದಳು. ನಾನು ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಹೋದೆ. ಹಳ್ಯಾಳ ಡಾಕ್ಟರು ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಕೇಳಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿಗೆ ಬಂದು ಬಗ್ಗಿ, ಕೆಳಗೆ ಬಿಸಿಲಲ್ಲಿ ಎಳನೀರು ಹಿಡಿದು ಅಲುಗಾಡದೆ ನಿಂತಿದ್ದ ಆ ಪುಟ್ಟ ಮಂಕಿಟೋಪಿಯ ಕಡೆಗೆ ಕೈ ಬೀಸಿ ಹೂಂ ಎಂದರು.

ಮೇಲಿನಿಂದ ನೋಡಿದೆ. ಬಿಂದು ಒಂದೇ ಉಸಿರಿಗೆ ಕುಡಿದಳು.